ಬಾಗಿನ ಯಾವ ನೀರಿಗೆ?

ಬಯಲುಸೀಮೆಯಲ್ಲಿ ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ. ಹೊಸ ಮೊರದೊಳಗೆ ಅರಿಶಿನ ಕುಂಕುಮ, ಬಳೆ ಬಿಚ್ಚೋಲೆ, ರವಿಕೆ ಕಣ, ಅಕ್ಕಿ ಬೇಳೆ, ತೆಂಗಿನಕಾಯಿ ಇಟ್ಟು, ಇನ್ನೊಂದು ಮೊರ ಮುಚ್ಚಿ ಗಂಗಮ್ಮನ ಮಡಿಲಿಗೆ ತೇಲಿಬಿಡುವುದು ವಾಡಿಕೆ. ಮುತ್ತೈದೆಯರ ಈ ಶಾಸ್ತ್ರವನ್ನು ಈಚಿನ ವರ್ಷಗಳಲ್ಲಿ ಶಾಸಕರು, ಸಚಿವರು ವಹಿಸಿಕೊಂಡಿದ್ದಾರೆ ಎಂಬುದು ಬೇರೆ ಮಾತು. ಆಚರಣೆಯ ಬೆನ್ನಿಗೆ ಒಂದು ನಂಬಿಕೆ ಇದೆ: ನೀರು ಆಕಾಶದಿಂದ ಇಳಿದದ್ದು, ಅದನ್ನು ಕೊಟ್ಟವರು ಮನುಷ್ಯರಲ್ಲ. ದೇವನಹಳ್ಳಿ ತಾಲ್ಲೂಕಿನ ಕೆಲವು ಕೆರೆಗಳ ಮಟ್ಟಿಗೆ ಈಗ ಆ ನಂಬಿಕೆಗೆ ತೊಡಕು ಬಂದಿದೆ. ಅಲ್ಲಿಗೆ ನೀರು ಬರುವುದು ಪೈಪಿನಲ್ಲಿ, ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ಕೊಳಚೆನೀರು ಶುದ್ಧೀಕರಣ ಘಟಕಗಳಿಂದ. ನೆಟ್ಟಗೆ ಹೇಳಬೇಕೆಂದರೆ, ಮಹಾನಗರದ ಬಚ್ಚಲು ಮತ್ತು ಪಾಯಿಖಾನೆಗಳಿಂದ. ಆ ನೀರಿಗೂ ಬಾಗಿನ ಬಿಡಬಹುದೇ?

ಪ್ರಶ್ನೆ ಕುಹಕದ್ದಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ತಾಲ್ಲೂಕುಗಳು ಅಂತರ್ಜಲವನ್ನು ಮಿತಿಮೀರಿ ಬಳಸಿದವು ಎಂಬ ಸರ್ಕಾರಿ ಪಟ್ಟಿಯಲ್ಲಿವೆ. ವರ್ಷವಿಡೀ ಹರಿಯುವ ನದಿ ಇಲ್ಲಿ ಒಂದೂ ಇಲ್ಲ. ಆದ್ದರಿಂದ ನೀರು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು, ಅದಕ್ಕೆ ನಮಸ್ಕಾರ ಮಾಡಬೇಕೋ ಲೆಕ್ಕ ಕೇಳಬೇಕೋ ಎಂಬುದು ಈ ಜಿಲ್ಲೆಯಲ್ಲಿ ಒಟ್ಟಿಗೇ ಧರ್ಮದ ಪ್ರಶ್ನೆಯೂ ಹೌದು, ಆಡಳಿತದ ಪ್ರಶ್ನೆಯೂ ಹೌದು.

ಮೊದಲು ಆ ನೀರಿನ ತೀರ್ಥಯಾತ್ರೆಯನ್ನು ನೋಡಬೇಕು. 1974ರಲ್ಲಿ ಮೊದಲ ಹಂತ ಮುಗಿದಾಗಿನಿಂದ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಸಾಗಿ, ಸುಮಾರು 500 ಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬರುತ್ತಿದೆ. ಒಮ್ಮೆ ಬಳಸಿದ ಮೇಲೆ ಅದರ ಒಂದು ಪಾಲು ಹೆಬ್ಬಾಳದ ಕಡೆಗೆ ಇಳಿಯುತ್ತದೆ. ಆ ಕಣಿವೆ ಕಾವೇರಿಯದಲ್ಲ, ದಕ್ಷಿಣ ಪಿನಾಕಿನಿಯದು. ಪಿನಾಕಿನಿ ಹುಟ್ಟುವುದು ನಂದಿ ಬೆಟ್ಟದ ಸೀಮೆಯಲ್ಲಿ. ದೇವನಹಳ್ಳಿ, ಹೊಸಕೋಟೆ ದಾಟಿ ತಮಿಳುನಾಡಿಗೆ ಹೋಗುತ್ತದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಅದೇ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ಪಂಪಿನಿಂದ ಎತ್ತಿ, ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ಹಂಚುವಂಥದ್ದು. ಗುರಿ ದಿನಕ್ಕೆ 21 ಕೋಟಿ ಲೀಟರ್. ಕೊಡಗಿನ ತಲಕಾವೇರಿಯಲ್ಲಿ ಕೈಮುಗಿಸಿಕೊಂಡ ನೀರು ಶೌಚಾಲಯ ದಾಟಿ, ನಂದಿಯ ತಪ್ಪಲಿನ ಕೆರೆಯಲ್ಲಿ ಮತ್ತೆ ಕೈಮುಗಿಸಿಕೊಳ್ಳಲು ಬಂದು ನಿಂತಿದೆ.

ಈ ಯಾತ್ರೆಯಲ್ಲಿ ನೀರಿಗೆ ಎಷ್ಟು ಯಜಮಾನರು! ಕೊಳಚೆಯನ್ನು ಸಂಗ್ರಹಿಸಿ ಶುದ್ಧೀಕರಿಸುವುದು ಬೆಂಗಳೂರು ಜಲಮಂಡಳಿ. ಪಂಪು, ಪೈಪು ಹಾಕಿ ಕೆರೆಗೆ ಬಿಡುವುದು ಸಣ್ಣ ನೀರಾವರಿ ಇಲಾಖೆ. ಗುಣಮಟ್ಟದ ಮೇಲೆ ಕಣ್ಣಿಡಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿ. ಕೆರೆಯ ಕೆಳಗೆ ಕೊಳವೆಬಾವಿ ಕೊರೆಸಿ ನಲ್ಲಿಗೆ ನೀರು ಕೊಡುವುದು ಗ್ರಾಮ ಪಂಚಾಯಿತಿ ಅಥವಾ ಪುರಸಭೆ. ಆ ಕೊಳವೆಬಾವಿಗೆ ಅನುಮತಿ ಕೊಡಬೇಕಾದದ್ದು 2011ರ ಅಂತರ್ಜಲ ಕಾಯ್ದೆಯಡಿಯ ಪ್ರಾಧಿಕಾರ. ಕೆರೆಗಳಲ್ಲೂ ಪಾಲು ಉಂಟು: 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯಿತಿ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿಗೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹರಿಯುವಾಗ ತಾನು ಕಚೇರಿ ಬದಲಿಸಿದೆ ಎಂಬುದು ನೀರಿಗೆ ಗೊತ್ತಿರುವುದಿಲ್ಲ.

ಇಷ್ಟು ಜನ ಕೈಜೋಡಿಸದೆ ಒಂದು ಕೆರೆಯೂ ತುಂಬುವುದಿಲ್ಲ. ಆದರೆ ಕೈಜೋಡಿಸುವುದಕ್ಕೂ ಕೈತೊಳೆದುಕೊಳ್ಳುವುದಕ್ಕೂ ನಡುವೆ ಇರುವ ಅಂತರ ಬಹಳ ಕಡಿಮೆ. ‘ನಮ್ಮ ಘಟಕದಿಂದ ಹೊರಡುವಾಗ ಸರಿಯಾಗಿತ್ತು’ ಎಂದು ಒಬ್ಬರು, ‘ನಮಗೆ ಬಂದದ್ದನ್ನು ನಾವು ಬಿಟ್ಟೆವು’ ಎಂದು ಇನ್ನೊಬ್ಬರು. ಇದು ಹಳೆಯ ಮಡಿಯ ಹೊಸ ರೂಪ. ತನ್ನ ಗಡಿಯೊಳಗೆ ಮೈಲಿಗೆ ಇಲ್ಲ ಎಂದು ಖಾತ್ರಿಯಾದರೆ ಸಾಕು, ಗಡಿಯಾಚೆ ಏನಾದರೂ ಆಗಲಿ.

ಹಾಗಾದರೆ ಶುದ್ಧಿ ಎಂದರೇನು? ನೀರಿಗೆ ಹುಟ್ಟಿನಿಂದ ಬರುವ ಗುಣವೋ, ಪರೀಕ್ಷೆಯಿಂದ ಸಾಬೀತಾಗುವ ಸ್ಥಿತಿಯೋ? ಈ ವಿಷಯದಲ್ಲಿ ಹಳೆಯ ಶಾಸ್ತ್ರಗಳು ಇಂದಿನ ಮಡಿವಂತರಿಗಿಂತ ಉದಾರವಾಗಿವೆ. ಮನುಸ್ಮೃತಿಯ ಐದನೇ ಅಧ್ಯಾಯ ನೆಲದ ಮೇಲೆ ನಿಂತ ನೀರನ್ನು ಶುದ್ಧವೆಂದು ಒಪ್ಪಲು ಅಳತೆ ಹೇಳುತ್ತದೆ: ಒಂದು ಹಸುವಿನ ಬಾಯಾರಿಕೆ ತಣಿಸುವಷ್ಟಿರಬೇಕು, ಹೊಲಸು ಬೆರೆತಿರಬಾರದು, ವಾಸನೆ, ಬಣ್ಣ, ರುಚಿ ಸರಿಯಿರಬೇಕು. ನೀರಿನ ಮೂಲ ಯಾವುದು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಅಚ್ಚರಿಯೆಂದರೆ, 1978ರಲ್ಲಿ ಸೌದಿ ಅರೇಬಿಯಾದ ಹಿರಿಯ ಉಲೇಮಾಗಳ ಮಂಡಳಿ ಶುದ್ಧೀಕರಿಸಿದ ಕೊಳಚೆನೀರಿನ ಬಗ್ಗೆ ಫತ್ವಾ ಕೊಟ್ಟಾಗ ಹಿಡಿದದ್ದೂ ಇದೇ ಮೂರು ಮಾನದಂಡ. ರುಚಿ, ಬಣ್ಣ, ವಾಸನೆಯಲ್ಲಿ ಅಶುದ್ಧಿಯ ಸುಳಿವಿಲ್ಲದಂತೆ ಶುದ್ಧೀಕರಿಸಿದ್ದರೆ ಆ ನೀರಿನಿಂದ ನಮಾಜಿಗೆ ಮುಂಚಿನ ವುಜೂ ಕೂಡ ಮಾಡಬಹುದು ಎಂದು ಅವರು ಹೇಳಿದರು. ಎರಡು ಬೇರೆ ಬೇರೆ ಧರ್ಮಗಳ ಪಂಡಿತರು, ಹಲವು ಶತಮಾನಗಳ ಅಂತರದಲ್ಲಿ, ಮೂಗು, ಕಣ್ಣು, ನಾಲಿಗೆಯ ಸಾಕ್ಷ್ಯಕ್ಕೇ ಬಂದು ನಿಂತರು. ದೇವನಹಳ್ಳಿಯ ಕೆರೆ ಏರಿಯ ಮೇಲೆ ನಿಂತ ರೈತ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡಿದರೆ ಅವನು ಮಾಡುತ್ತಿರುವುದೂ ಅದನ್ನೇ.

ತೊಂದರೆ ಏನೆಂದರೆ, ಇಂದಿನ ಹೊಲಸಿಗೆ ವಾಸನೆ, ಬಣ್ಣ, ರುಚಿ ಇರಲೇಬೇಕೆಂದಿಲ್ಲ. ಮಾರ್ಜಕದ ರಂಜಕ, ಕಾರ್ಖಾನೆಯ ಭಾರಲೋಹ, ಮಾತ್ರೆಗಳ ಉಳಿಕೆ ಯಾವುದೂ ಮೂಗಿಗೆ ಸಿಗುವುದಿಲ್ಲ. ಬೆಂಗಳೂರಿನ ಇನ್ನೊಂದು ಕಣಿವೆಯಾದ ಕೋರಮಂಗಲ–ಚಲ್ಲಘಟ್ಟದ ಶುದ್ಧೀಕರಿಸಿದ ನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಬರದಿಂದ ಬೆಂದಿದ್ದ ಜನ ಸಂಭ್ರಮಿಸಿದರು. ಮುಂದಿನ ತಿಂಗಳು ಅದೇ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟಿತು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಕೊನೆಗೆ ನೀರು ಮತ್ತೆ ಹರಿಯಿತು. ಸುತ್ತಲಿನ ಕೊಳವೆಬಾವಿಗಳಲ್ಲಿ ನೀರಿನ ಮಟ್ಟ ಏರಿದ್ದೂ ನಿಜ. ಆದರೂ ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಪಟ್ಟನ್ನು ಬಿಟ್ಟಿಲ್ಲ. ಅವರನ್ನು ಅಭಿವೃದ್ಧಿ ವಿರೋಧಿಗಳೆಂದು ಜರೆದವರಿದ್ದಾರೆ. ನೋಡಿದರೆ, ಶುದ್ಧಿಯನ್ನು ಪರೀಕ್ಷಿಸಿಯೇ ಒಪ್ಪಬೇಕೆಂಬ ಶಾಸ್ತ್ರದ ಮಾತನ್ನು ಅಕ್ಷರಶಃ ನಂಬಿದವರು ಅವರೇ. ಪ್ರಯೋಗಾಲಯದ ವರದಿ ಎಂಬುದು ಮೂಗು ತಲುಪದಲ್ಲಿಗೆ ಚಾಚಿದ ಮೂಗು.

ಮನುಸ್ಮೃತಿಯ ಹೆಸರೆತ್ತಿದ ಮೇಲೆ ಮಹಾರಾಷ್ಟ್ರದ ಮಹಾಡ್ ಅನ್ನು ನೆನೆಯದೆ ಮುಂದೆ ಹೋಗುವುದು ಅಪ್ರಾಮಾಣಿಕವಾಗುತ್ತದೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಸಾವಿರಾರು ದಲಿತರೊಂದಿಗೆ ಅಲ್ಲಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಆ ಕೆರೆ ಎಲ್ಲರಿಗೂ ಮುಕ್ತವೆಂದು ಪುರಸಭೆ ಮೊದಲೇ ನಿರ್ಣಯ ಮಾಡಿತ್ತು. ಆದರೂ ಸವರ್ಣೀಯರು ಕೆರೆ ಮೈಲಿಗೆಯಾಯಿತೆಂದು 108 ಕೊಡಗಳ ಲೆಕ್ಕದಲ್ಲಿ ಹಾಲು, ಮೊಸರು, ಗೋಮೂತ್ರ, ಸಗಣಿ ಸುರಿದು ‘ಶುದ್ಧಿ’ ಮಾಡಿದರು. ಕುಡಿಯಲು ಯೋಗ್ಯವಾಗಿದ್ದ ನೀರಿಗೆ ಸಗಣಿ ಬೆರೆಸಿ ಶುದ್ಧವೆಂದರು! ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡ್‌ನಲ್ಲಿ ಅಂಬೇಡ್ಕರ್ ಮತ್ತು ಅವರ ಸಂಗಡಿಗರು ಮನುಸ್ಮೃತಿಯನ್ನು ಸುಟ್ಟರು. ಐದನೇ ಅಧ್ಯಾಯದ ಹಸು, ವಾಸನೆ, ಬಣ್ಣದ ಮಾತು ಆ ಹೊತ್ತಿಗೆ ಯಾರ ನೆರವಿಗೂ ಬರಲಿಲ್ಲ. ನೀರಿನ ಶುದ್ಧಿಯನ್ನು ಮುಟ್ಟಿದವರ ಹುಟ್ಟಿನಿಂದ ಅಳೆಯಲು ಹೊರಟರೆ ಕಣ್ಣು, ಮೂಗು, ನಾಲಿಗೆ ಮೂರೂ ಕೆಲಸ ಬಿಡುತ್ತವೆ.

ಈ ಸೀಮೆಗೆ ಮಹಾಡ್ ದೂರದ್ದೇನಲ್ಲ. ಇಲ್ಲಿ ಕೆರೆಯ ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುತ್ತಿದ್ದವನು ನೀರುಗಂಟಿ. ಸುಗ್ಗಿಯಲ್ಲಿ ಅವನಿಗೆ ಆಯ ಸಲ್ಲುತ್ತಿತ್ತು. ಬರದ ವರ್ಷ ಗೌಡನ ಗದ್ದೆಗೂ ಬಡವನ ಗದ್ದೆಗೂ ಪಾಲು ಹಾಕುವ ಜವಾಬ್ದಾರಿ ಅವನದು. ಹಲವು ಊರುಗಳಲ್ಲಿ ಆ ಕೆಲಸ ದಲಿತ ಮನೆತನಗಳದ್ದು. ಊರಿನ ಅಷ್ಟೂ ಗದ್ದೆಗೆ ನೀರು ಕೊಡುವ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಪಂಚಾಯಿತಿಯ ವಾಟರ್‌ಮನ್‌ಗೆ ಇಂದಿಗೂ ನೀರುಗಂಟಿ ಎಂಬ ಹೆಸರೇ ಉಳಿದಿದೆ. ಆಯ ಹೋಗಿ ಸಂಬಳ ಬಂದಿದೆ. ಈಗ ಹೆಬ್ಬಾಳದಿಂದ ಬರುವ ನೀರಿನಲ್ಲಿ ಮಹಾನಗರದ ಎಲ್ಲ ಜಾತಿಯ, ಎಲ್ಲ ಮತದ ಮನೆಗಳ ಕೊಳಚೆ ಬೆರೆತಿದೆ. ಜಾತಿಯ ಲೆಕ್ಕದಲ್ಲಿ ಅದನ್ನು ಬೇರ್ಪಡಿಸುವ ಘಟಕವನ್ನು ಯಾರೂ ಕಟ್ಟಿಲ್ಲ. ಇಷ್ಟರಮಟ್ಟಿಗೆ ಒಳಚರಂಡಿಯೇ ಈ ನಾಡಿನ ದೊಡ್ಡ ಸಮತಾವಾದಿ ಎನ್ನಬೇಕು.

ಹಾಗಿದ್ದೂ ಮನಸ್ಸಿನ ಹೇಸಿಗೆ ವಾದಕ್ಕೆ ಬಗ್ಗುವುದಿಲ್ಲ. ಆಸ್ಟ್ರೇಲಿಯಾದ ಟೂವೂಂಬಾ ನಗರ ಕಡು ಬರದ ನಡುವೆಯೂ 2006ರ ಜನಮತದಲ್ಲಿ ಶುದ್ಧೀಕರಿಸಿದ ಕೊಳಚೆನೀರನ್ನು ಕುಡಿಯುವ ನೀರಿಗೆ ಬೆರೆಸುವುದನ್ನು ತಿರಸ್ಕರಿಸಿತು. ನಮೀಬಿಯಾದ ವಿಂಡ್‌ಹುಕ್ 1968ರಿಂದಲೇ ಕುಡಿಯುತ್ತಿದೆ. ಈ ಎರಡು ತುದಿಗಳ ನಡುವೆ ನ್ಯೂಜಿಲೆಂಡಿನ ಮಾವೋರಿಗಳ ನಿಲುವು ನಮ್ಮವರಿಗೆ ಹತ್ತಿರದ್ದೆನಿಸುತ್ತದೆ. ಮನುಷ್ಯರ ಹೊಲಸು ಮುಟ್ಟಿದ ನೀರು ಎಷ್ಟೇ ಶುದ್ಧವಾಗಿದ್ದರೂ ಮೊದಲು ಭೂತಾಯಿಯ ಮೈಯೊಳಗೆ ಹಾಯ್ದು ಬರಬೇಕು, ಆಮೇಲಷ್ಟೇ ಕೊಳ, ನದಿಗೆ ಸೇರಬಹುದು ಎನ್ನುತ್ತಾರೆ ಅವರು. ರೊಟೊರುವಾ ನಗರ 1991ರಿಂದ ಶುದ್ಧೀಕರಿಸಿದ ನೀರನ್ನು ಸರೋವರಕ್ಕೆ ಬಿಡುವ ಬದಲು ವಕರೆವರೆವಾ ಕಾಡಿನ ನೆಲಕ್ಕೆ ಸಿಂಪಡಿಸತೊಡಗಿತು.

ದೇವನಹಳ್ಳಿಯಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ, ಆದರೆ ಯಾರೂ ಅದನ್ನು ಧರ್ಮದ ಮಾತಿನಲ್ಲಿ ಹೇಳಲಿಲ್ಲ. ಕಣಿವೆ ಯೋಜನೆಗಳ ನೀರನ್ನು ಕೆರೆಯಿಂದ ನೇರ ಎತ್ತಬಾರದು, ಅದು ಇಂಗಲಿಕ್ಕೆ ಮಾತ್ರ ಎಂಬುದು ನಿಯಮ. ಪಟ್ಟಣದ ಸಿಹಿನೀರು ಕೆರೆಗೆ ಹೆಬ್ಬಾಳದ ನೀರು ಬಂದು ನಿಂತ ಮೇಲೆ, ಪಕ್ಕದಲ್ಲಿ ಪಾಳುಬಿದ್ದಿದ್ದ ಹಳೆಯ ತೆರೆದ ಬಾವಿಯಲ್ಲಿ ಒರತೆ ಮೂಡಿತು. ಬಯೋಮ್ ಪರಿಸರ ಟ್ರಸ್ಟ್, ಪುರಸಭೆ ಮತ್ತು ಇತರ ಸಂಸ್ಥೆಗಳು ಕೂಡಿ ಬಾವಿಯನ್ನು ಸ್ವಚ್ಛಮಾಡಿ, ಕೆರೆಯ ಬಳಿ ಆಳವಿಲ್ಲದ ಶೋಧಕ ಬಾವಿಗಳನ್ನು ತೋಡಿಸಿ, ಮಣ್ಣಿನಲ್ಲಿ ಸೋಸಿಬಂದ ನೀರನ್ನು ಮತ್ತೆ ಘಟಕದಲ್ಲಿ ಶುದ್ಧೀಕರಿಸಿ ಊರಿನ ನಲ್ಲಿಗೆ ಸೇರಿಸಿದವು. ಸಾವಿರ ಅಡಿ ಕೊರೆದರೂ ಸಿಗದ ನೀರು ಬಾವಿಯ ಆಳದಲ್ಲೇ ಸಿಕ್ಕಿತು. ಮಣ್ಣು ಇಲ್ಲಿ ದೇವತೆಯ ಕೆಲಸವನ್ನೂ ಮಾಡಿತು, ಸೋಸುವ ಜರಡಿಯ ಕೆಲಸವನ್ನೂ ಮಾಡಿತು. ಇದೇ ದೇವನಹಳ್ಳಿಯಲ್ಲಿ 2015ರಲ್ಲಿ ಶೌಚಗುಂಡಿಗಳ ಹೂಳನ್ನು ಗೊಬ್ಬರ ಮಾಡುವ ಘಟಕ ಶುರುವಾಯಿತು, ದೇಶದಲ್ಲಿ ಪಟ್ಟಣವೊಂದರ ಮಟ್ಟಕ್ಕೆ ಅದು ಮೊದಲನೆಯದು. ಟಿಪ್ಪು ಹುಟ್ಟಿದ ಊರು, ವಿಮಾನ ನಿಲ್ದಾಣದ ಊರು ಎಂದಷ್ಟೇ ಹೆಸರಾದ ಪಟ್ಟಣಕ್ಕೆ ಈ ಮೂರನೆಯ ಹೆಗ್ಗಳಿಕೆಯೂ ಸಲ್ಲಬೇಕು.

ಮಣ್ಣಿನೊಳಗಿನ ನೀರಿನ ಬಗ್ಗೆ ಜಿಲ್ಲೆಯಲ್ಲಿ ಇನ್ನೊಂದು ನಂಬಿಕೆ ಇದೆ, ಅದು ಅಪಾಯದ್ದು. ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟದಲ್ಲಿ ಒಳಕಲ್ಲು ತೀರ್ಥ ಎಂಬ ಬಂಡೆಯ ಬಿಲವಿದೆ. ಕೈ ಇಳಿಬಿಟ್ಟರೆ ಪುಣ್ಯವಂತರಿಗೆ ಮಾತ್ರ ನೀರು ತಗಲುತ್ತದೆ ಎನ್ನುತ್ತಾರೆ. ಭಕ್ತಿಯ ಆಟವಾಗಿ ಇದು ಸೊಗಸು. ಆದರೆ ಇದೇ ತರ್ಕ ಬೆಟ್ಟದಿಂದ ಇಳಿದು ಹೊಲಕ್ಕೆ ಬಂದಿದೆ. ಅಂಗೈ ಮೇಲೆ ತೆಂಗಿನಕಾಯಿ ಹಿಡಿದು ಪಾಯಿಂಟ್ ಮಾಡಿಸಿ, ಗಂಗಮ್ಮನ ಪೂಜೆ ಮಾಡಿ ಬೋರ್ ಕೊರೆಸುತ್ತಾರೆ. ನೀರು ಬಿದ್ದರೆ ಪುಣ್ಯ, ಫೇಲಾದರೆ ಹಣೆಬರಹ. ಪಕ್ಕದ ಹೊಲದವನು ಇನ್ನೂರು ಅಡಿ ಹೆಚ್ಚು ಇಳಿಸಿದ್ದಕ್ಕೆ ತನ್ನ ಬೋರ್ ಬತ್ತಿತು ಎಂಬ ಸರಳ ಕಾರಣ ಹಣೆಬರಹದ ಕೆಳಗೆ ಮುಚ್ಚಿಹೋಗುತ್ತದೆ. ಕರ್ಮ ಒಬ್ಬೊಬ್ಬರದು ಎನ್ನುವ ಸಿದ್ಧಾಂತ ಅಂತರ್ಜಲಕ್ಕೆ ಹೊಂದುವುದೇ ಇಲ್ಲ. ಅಲ್ಲಿ ಒಬ್ಬ ಮಾಡಿದ್ದನ್ನು ಊರೆಲ್ಲ ಉಣ್ಣುತ್ತದೆ.

ಅದೇ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ, ನಂದಿಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರ ಹಾದು ಬರುವ ಅರ್ಕಾವತಿ ಇವೆರಡೂ ತಿಪ್ಪಗೊಂಡನಹಳ್ಳಿಯಲ್ಲಿ ಕೂಡುತ್ತವೆ. ಬೆಂಗಳೂರಿಗೆ ಕೊಳಾಯಿ ನೀರು ಕಾಣಿಸಿದ್ದೇ ಅರ್ಕಾವತಿ: 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ. ನಗರ ಈ ತಾಲ್ಲೂಕುಗಳ ಮಳೆಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಕುಡಿಯಿತು. 2003ರ ನವೆಂಬರ್‌ನಲ್ಲಿ ಸರ್ಕಾರ ಜಲಾಶಯದ ಜಲಾನಯನವನ್ನು ವಲಯಗಳಾಗಿ ವಿಂಗಡಿಸಿ, ಅಲ್ಲಿ ಏನು ಕಟ್ಟಬಾರದು, ಏನು ಮಾಡಬಾರದು ಎಂದು ಅಧಿಸೂಚನೆ ಹೊರಡಿಸಿತು. ನಗರದ ಬಾಯಾರಿಕೆಗೆ ಹಳ್ಳಿಯ ನಿಯಮಪಾಲನೆ. 2012ರ ಹೊತ್ತಿಗೆ ಜಲಮಂಡಳಿ ಅಲ್ಲಿಂದ ನೀರೆತ್ತುವುದನ್ನೇ ನಿಲ್ಲಿಸಿತು, ಎತ್ತಲು ಯೋಗ್ಯವಾದದ್ದು ಉಳಿದಿರಲಿಲ್ಲ.

ಇಲ್ಲಿ ‘ದಾನ’ ಎಂಬ ಮಾತನ್ನು ಹಿಡಿದು ನಿಲ್ಲಿಸಬೇಕು. ಶುದ್ಧೀಕರಿಸಿದ ನೀರನ್ನು ಗ್ರಾಮಾಂತರಕ್ಕೆ ಕೊಡುವುದನ್ನು ವೇದಿಕೆಗಳಲ್ಲಿ ಕೊಡುಗೆಯೆಂದು ಬಣ್ಣಿಸುತ್ತಾರೆ. ಕೊಡುಗೆ ಎಂದ ಕೂಡಲೇ ಪಡೆಯುವವರ ಬಾಯಿ ಕಟ್ಟುತ್ತದೆ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದಲ್ಲ! ಆದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಒಬ್ಬರ ನೀರು ಕುಡಿದವರು ಹಿಂದಿರುಗಿಸುವುದು ಋಣಸಂದಾಯ. ದೇವಋಣ, ಋಷಿಋಣ, ಪಿತೃಋಣ ಎಂದು ಹುಟ್ಟಿನಿಂದಲೇ ಸಾಲ ಹೊತ್ತುಕೊಳ್ಳುವ ಪರಂಪರೆಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಋಣ ಪಡೆಯುವವನಿಗೆ ನಾಣ್ಯ ಕುಟ್ಟಿ ನೋಡುವ ಹಕ್ಕಿದೆ. ಮೂರನೇ ಹಂತದ ಶುದ್ಧೀಕರಣ ಕೇಳುವುದು ಆ ಹಕ್ಕು.

ಋಣ ಒಂದೇ ದಿಕ್ಕಿನದು ಎಂದು ಹಳ್ಳಿಗಳೂ ಹೇಳುವಂತಿಲ್ಲ. ಅರ್ಕಾವತಿ ಏಕೆ ಬತ್ತಿತು ಎಂಬ ಬಗ್ಗೆ 2015ರಲ್ಲಿ ಪ್ರಕಟವಾದ, ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರ ಅಧ್ಯಯನ ಮಳೆಯ ಮೇಲೆ ತಪ್ಪು ಹೊರಿಸಲಿಲ್ಲ. ಕೊಳವೆಬಾವಿಗಳ ಅತಿಬಳಕೆ, ನೀಲಗಿರಿ ತೋಪುಗಳು, ಹಳ್ಳಗಳಿಗೆ ಅಡ್ಡಲಾಗಿ ಬಂದ ತಡೆಗಳತ್ತ ಬೆರಳು ತೋರಿಸಿತು. ಬೆವರಿಲ್ಲದ ಬೆಳೆಯೆಂದು ನೀಲಗಿರಿ ನೆಟ್ಟವರು ಇಲ್ಲಿನ ರೈತರೇ, ನೆಡಲು ಹುರಿದುಂಬಿಸಿದ್ದು ಸರ್ಕಾರವೇ. 2017ರಲ್ಲಿ ಹೊಸ ನೀಲಗಿರಿಗೆ ನಿಷೇಧ ಬರುವ ಹೊತ್ತಿಗೆ ಬೇರುಗಳು ತಮ್ಮ ಕೆಲಸ ಮುಗಿಸಿದ್ದವು.

ಇನ್ನು ದೊಡ್ಡಬಳ್ಳಾಪುರ ಪಟ್ಟಣ. ಚಿಕ್ಕಬಳ್ಳಾಪುರದ ಬಳಿಯ ಜಕ್ಕಲಮಡಗು ಜಲಾಶಯವನ್ನು ಜಿಲ್ಲೆಯ ಗಡಿ ಮರೆತು ಎರಡೂ ಊರುಗಳು ಹಂಚಿಕೊಂಡು ಕುಡಿಯುತ್ತವೆ. ಸಹಕಾರಕ್ಕೆ ಇದು ಒಳ್ಳೆಯ ಮಾದರಿ. ಆದರೆ ಕುಡಿದ ನೀರು ಕೊಳಚೆಯಾಗಿ, ಬಾಶೆಟ್ಟಿಹಳ್ಳಿ ಕಡೆಯ ಕಾರ್ಖಾನೆಗಳ ತ್ಯಾಜ್ಯದೊಂದಿಗೆ ದೊಡ್ಡತುಮಕೂರು ಮತ್ತು ಮಜರಾಹೊಸಹಳ್ಳಿ ಕೆರೆಗಳಿಗೆ ಇಳಿಯುತ್ತದೆ. ಕೆರೆ ಕೆಟ್ಟಿತು, ಅದರ ಕೆಳಗಿನ ಕೊಳವೆಬಾವಿಗಳು ಕೆಟ್ಟವು. ಆ ಎರಡು ಪಂಚಾಯಿತಿಗಳ ಜನ ವರ್ಷಗಳಿಂದ ಧರಣಿ, ಪಾದಯಾತ್ರೆ ಮಾಡುತ್ತ ಬಂದಿದ್ದಾರೆ, ಮತದಾನ ಬಹಿಷ್ಕಾರದ ಮಾತನ್ನೂ ಆಡಿದ್ದಾರೆ. ಬೆಂಗಳೂರಿನ ಎದುರು ಹಳ್ಳಿಯ ಪಕ್ಷ ವಹಿಸುವ ತಾಲ್ಲೂಕು ಕೇಂದ್ರ, ತನ್ನ ಕೆಳಗಿನ ಹಳ್ಳಿಗಳಿಗೆ ತಾನೇ ಬೆಂಗಳೂರಾಗಿದೆ. ಹೊಸಕೋಟೆ ಹಾದು ಹೋಗುವ ಪಿನಾಕಿನಿ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆ ಕಾರುವಾಗ ತಮಿಳುನಾಡಿನ ರೈತರು ಕೇಳುವುದೂ ಇದೇ ಪ್ರಶ್ನೆ.

ಕೆರೆ ಕಟ್ಟಿಸುವುದನ್ನು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದ ಕಾಲದಲ್ಲೂ ಪುಣ್ಯವೊಂದನ್ನೇ ನಂಬಿ ಯಾರೂ ಸುಮ್ಮನಿರಲಿಲ್ಲ. ಕನ್ನಡ ಶಾಸನಗಳಲ್ಲಿ ಕೆರೆಯ ದುರಸ್ತಿಗೆ ಬಿಟ್ಟ ಕಟ್ಟುಕೊಡಗಿ, ಬಿಟ್ಟುವಟ್ಟದ ಭೂಮಿಯ ಎಲ್ಲೆಗಳು ನಮೂದಾಗಿರುತ್ತವೆ. ಕೊನೆಗೆ, ಇದನ್ನು ಅಳಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬ ಶಾಪ. ಅಂದರೆ ಹಣ ಎಲ್ಲಿಂದ, ಹೊಣೆ ಯಾರದು, ತಪ್ಪಿದರೆ ಏನು ಎಂಬ ಮೂರೂ ಒಂದೇ ಕಲ್ಲಿನಲ್ಲಿ, ಊರೆಲ್ಲ ಓದುವಂತೆ. ಇಂದಿನ ಇಲಾಖೆಗಳ ಒಡಂಬಡಿಕೆಯಲ್ಲಿ ಮೊದಲನೆಯದಕ್ಕೆ ಪುಟಗಟ್ಟಲೆ ಜಾಗ. ಕವಿಲೆಯ ಕಲಮು ಎಲ್ಲೂ ಕಾಣದು.

ಪಶ್ಚಿಮಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ ಉದ್ಘಾಟನೆಯಾಯಿತು. ಅದು ಈ ಜಿಲ್ಲೆಗೂ ಬರಬೇಕು. ಆ ನೀರಿಗೆ ಬಾಗಿನ ಬಿಡಲು ಯಾರಿಗೂ ಅನುಮಾನವಿಲ್ಲ, ಅದು ಮಲೆನಾಡಿನ ಮಳೆ. ಅನುಮಾನ ಇರುವುದು ನೆಲಮಂಗಲಕ್ಕೆ ಬರಲಿರುವ ವೃಷಭಾವತಿಯ ನೀರಿನ ಬಗ್ಗೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳು ಎನ್ನುವ ನದಿ ಇದು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಕರಿಕಾಲುವೆಯಾಗಿ ಹರಿಯುತ್ತಾಳೆ. ಅವಳ ನೀರು ಶುದ್ಧೀಕರಣಗೊಂಡು ನೆಲಮಂಗಲದ ಕೆರೆಗಳಿಗೂ ತುಮಕೂರಿನ ಕಡೆಗೂ ಹೋಗಬೇಕೆಂಬುದು ಯೋಜನೆ. ಕೆರೆ ತುಂಬಿದ ದಿನ ಮೊರ ಹಿಡಿದು ಏರಿ ಹತ್ತುವವರು ಅಲ್ಲಿನ ಹೆಂಗಸರು. ಪರೀಕ್ಷೆಯ ವರದಿ ಅವರ ಪಂಚಾಯಿತಿಯ ಗ್ರಾಮಸಭೆಗೆ ತಿಂಗಳು ತಿಂಗಳು ಬರುತ್ತದೆಯೇ, ವರದಿ ಕೆಟ್ಟದ್ದಿದ್ದರೆ ಪೈಪಿನ ಗೇಟು ಮುಚ್ಚಿಸುವ ಅಧಿಕಾರ ಆ ಸಭೆಗೆ ಇರುತ್ತದೆಯೇ? ನೀರು ಬರುವ ಮೊದಲೇ ಇದನ್ನು ಕೇಳಿಟ್ಟುಕೊಳ್ಳಲು ನೆಲಮಂಗಲಕ್ಕೆ ಇನ್ನೂ ಸಮಯವಿದೆ. ಲಕ್ಷ್ಮೀಸಾಗರದವರಿಗೆ ಅದು ಸಿಕ್ಕಿರಲಿಲ್ಲ.